ಒತ್ತಕ್ಷರ ಬಾಕಿ ಉಳಿದ ಬಯಲು ಸಾಲಿ

ಬಯಲು ಸಾಲಿ ಕಮಿಟಿಯ ಅಧ್ಯಕ್ಷರಾದ ಸದರ್ ಸಾಹೇಬರಿಗೆ,
ಮುಕ್ಕಾಂ ಬೀದರ.

ಮಾನ್ಯರೇ,

ಬಯಲು ಸಾಲಿಗೆ ತಾವು ಗೋಡೆ ಕಟ್ಟಿಸಿದಿರಿ. ಗೋಡೆಯ ಮೇಲೆ ತಗಡು ಹೊದಿಸಿದಿರಿ, ಬಾಗಿಲಿಗೆ ಚಿಲಕ ಹಾಕಿಸಿದಿರಿ, ಬಾಗಿಲ ನೆತ್ತಿಯ ಮೇಲೆ ‘ಬಯಲು ಸಾಲಿ’ ಎಂದು ಚಂದದ ಅಕ್ಷರಗಳ ಹಲಗೆಯನ್ನೂ ತೂಗುಹಾಕಿಸಿದಿರಿ. ಇಷ್ಟೆಲ್ಲ ಆದ ಮೇಲೆ, ಜನವಾಡದಲ್ಲಿ ಊರ ದನಕರು ಮೇಯುವ ಗಾಯರಾನದ ಹುಣಸೆ ಗಿಡದ ಕೆಳಗೆ ಆಡು ಕಾಯುವ ಮಕ್ಕಳಿಗೆ ಅಕ್ಷರ ಕಲಿಸುವುದು ಕಾಯಿದೆಗೆ ವಿರುದ್ಧವೆಂದು ನನಗೆ ತಾಕೀದು ಕಳಿಸಿದಿರಿ. ಬಯಲು ಸಾಲಿಯಿಂದ ಬಯಲನ್ನೇ ಹೊರಗೆ ಹಾಕಿದ ಈ ಜಾಣತನಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಅರ್ಜಿ ಬರೆದು ಬರೆದು ಕೈ ಸೋತಿತು. ತಮ್ಮ ದಫ್ತರದಿಂದ ಒಂದು ‘ಹೂಂ’ ಸಹ ಬರಲಿಲ್ಲ. ಅದಕ್ಕೇ ಈ ಪತ್ರವನ್ನು ನಿಜಾಮ ಸರಕಾರದ ಗಡಿಯಾಚೆಯ ಕನ್ನಡ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ಸಾಲಿಯಂತೂ ಬಯಲಿನಿಂದ ಒಳಗೆ ಹೋಯಿತು, ಅದರ ಮಾತಾದರೂ ಬಯಲಿಗೆ ಬರಲಿ.

ನಾನು ಯಾರೆಂಬುದು ತಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನಾನು ಮಿಶನ್ನಿನಲ್ಲಿ ಓದು ಕಲಿತ ಹೆಂಗಸು. ನಮ್ಮ ಮನೆಯವರು ಡೇವಿಡ ಮಾಸ್ತರರು ಜನವಾಡದ ಚರ್ಚಿನ ಪಡಸಾಲೆಯಲ್ಲಿ ಸಾಲಿ ತೆರೆದಾಗ ಬಾಗಿಲು ತೆರೆದೇ ಇರುತ್ತಿತ್ತು, ಒಳಗೆ ಬರುವವರು ಮಾತ್ರ ಇರಲಿಲ್ಲ. ಮಕ್ಕಳೆಲ್ಲ ಗಾಯರಾನದಲ್ಲಿ ಆಡು ಎಮ್ಮೆಗಳ ಹಿಂದೆ. ಒಂದು ದಿನ ಮಾಸ್ತರರು ಪಾಟಿಗಳನ್ನು ಚೀಲಕ್ಕೆ ತುಂಬಿ ಎದ್ದರು. “ದನಾ ಬಿಟ್ಟು ಅವು ಬರಂಗಿಲ್ಲ. ಗ್ವಾಡಿ ಬಿಟ್ಟು ನಾವ ಹೋದ್ರಾತು, ನಮಗೇನು ದಾಡಿ?” ಎಂದರು. ಹಾಗೆ ಶುರುವಾಯಿತು. ದನ ಮೇಯುತ್ತ ಸರಿದಂತೆ ಸಾಲಿಯೂ ಸರಿಯುತ್ತಿತ್ತು; ಮಣ್ಣೇ ಪಾಟಿ, ಕಡ್ಡಿಯೇ ಬಳಪ. ಗಿಡ, ಹಕ್ಕಿ, ಹುಳ, ಮೋಡ ಎಲ್ಲವೂ ಪಾಠ. ಆ ಕೆಟ್ಟ ಜ್ವರದ ವರ್ಷ ಮನೆಮನೆಯಿಂದ ಹೆಣ ಎದ್ದವಲ್ಲ, ಆಗ ಅವರೂ ಹೋದರು. ಮಣ್ಣು ಕೊಟ್ಟು ಬಂದ ಮೇಲೆ ಚೀಲ ಗೂಟದಲ್ಲಿ ತೂಗುತ್ತಿತ್ತು. ಅದನ್ನು ನೋಡುತ್ತ ಮನೆಯಲ್ಲಿ ಕೂರುವುದು ನನ್ನಿಂದ ಆಗಲಿಲ್ಲ, ಹೆಗಲಿಗೆ ಹಾಕಿಕೊಂಡು ನಡೆದೆ.

ಖಾಸಗಿ ಸಾಲಿಗಳಿಗೆ ಸರಕಾರದ ಇಜಾಜತ್, ಅಂದರೆ ಅಪ್ಪಣೆ, ಬೇಕೆಂದು ಹುಕುಂ ಬಂದಾಗ ನಾನೇ ದೊಡ್ಡವರ ಬಾಗಿಲು ತಟ್ಟಿದೆ. ಮರ್ಯಾದಸ್ಥರ ಕಮಿಟಿಯೊಂದು ಬೆನ್ನಿಗಿರಬೇಕಿತ್ತು. ವಕೀಲರಾದ ತಾವು ಅಧ್ಯಕ್ಷರಾದಿರಿ. ಭಾಲ್ಕಿಯ ಅಡತಿ ಅಂಗಡಿಯ ಸಾಹುಕಾರ ಮನ್ಮಥಪ್ಪನವರು, ಔರಾದದ ದೇಶಮುಖರು, ನಮ್ಮ ಚರ್ಚಿನ ಹಿರಿಯರಾದ ಮತ್ತಾಯನವರು ಸದಸ್ಯರಾದರು. ಉರ್ದು ಬಾರದ ಸಾಲಿ ಯಾತಕ್ಕೆಂದು ಕಚೇರಿಯವರು ಹುಬ್ಬು ಗಂಟಿಕ್ಕಿದಾಗ ತಾವು ಬಿಸಿಲಲ್ಲಿ ನಿಂತು, ಅವರ ಉರ್ದುವಿನಲ್ಲೇ ವಾದಿಸಿ, ‘ಜನವಾಡದ ಗಾಯರಾನ’ ಎಂದು ಕಾಗದದ ಮೇಲೆ ಬರೆಸಿಕೊಂಡು ಬಂದಿರಿ. ಆ ದಿನ ತಮ್ಮ ಕಾಲಿಗೆ ಬೀಳಬೇಕೆನಿಸಿತ್ತು. ತಾವು ಕೆಟ್ಟವರಲ್ಲ, ಮಾನ್ಯರೇ. ಕೆಟ್ಟವರಾಗಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ, ಇಷ್ಟುದ್ದ ಬರೆಯುವ ಕೆಲಸ ತಪ್ಪುತ್ತಿತ್ತು.

ಹಾಗಾದರೆ ಕೆಟ್ಟದ್ದು ಎಲ್ಲಿ? ಒಂದು ಹಾರದಲ್ಲಿ. ತಾಲೀಮಿನ, ಅಂದರೆ ವಿದ್ಯಾ ಖಾತೆಯ, ಇನ್ಸ್‌ಪೆಕ್ಟರ್ ಸಾಹೇಬರು ಸಾಲಿ ನೋಡಲು ಬಂದ ದಿನ ಕಮಿಟಿಗೆ ಕಮಿಟಿಯೇ ಮೊದಲ ಸಲ ಗಾಯರಾನಕ್ಕೆ ಪಾದ ಬೆಳೆಸಿತ್ತು. ದೇಶಮುಖರು ಹಿತ್ತಾಳೆಯ ತಾಟಿನಲ್ಲಿ ಚೆಂಡುಹೂವಿನ ದಪ್ಪ ಹಾರ ತಂದಿದ್ದರು. ತಮ್ಮ ಭಾಷಣ ಉದ್ದವಾಯಿತು, ದೇಶಮುಖರ ಕೈ ಇಳಿಯಿತು, ಆಡೊಂದು ಬಂದು ಹಾರಕ್ಕೆ ಬಾಯಿ ಹಾಕಿತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತು ತಾವೂ ಕೇಳಿದವರೇ. ಔರಾದದ ಹಾರಕ್ಕೇನು ಬೇರೆ ಕಾಯಿದೆ ಇದೆಯೇ? ಅಷ್ಟರಲ್ಲಿ ನಮ್ಮ ಬಿಸ್ಮಿಲ್ಲಾಬೀ, ಏಳೆಂಟು ವರ್ಷದ ಪೋರಿ, ಎದ್ದು ನಿಂತು ಗಾಬರಿಯಿಂದ ಕೂಗಿದಳು: “ಅದು ನಮ್ಮ ಆಡಲ್ರೀ ಸಾಹೇಬ್ರ! ಹಾವಗೆಪ್ಪಂದದರಿ! ನಮ್ಮದು ಇನ್ನಾ ತಿಂದಿಲ್ರಿ!” ಇನ್ಸ್‌ಪೆಕ್ಟರ್ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಹುಣಸೆ ಬೇರಿನ ಮೇಲೆ ಕುಳಿತು ಮಕ್ಕಳ ಓದು ಕೇಳಿದರು, “ಶಾಬಾಸ್” ಎಂದು ಹೋದರು. ನಗದೆ ಉಳಿದವರು ತಾವು ನಾಲ್ವರು ಮಾತ್ರ.

ಮುಂದಿನ ಸಭೆ ತಮ್ಮ ದಿವಾನಖಾನೆಯಲ್ಲಿ, ಗಾದಿ ತಕ್ಕೆಗಳ ನಡುವೆ ಕೂಡಿತು. ನನ್ನನ್ನು ಬಾಗಿಲ ಹತ್ತಿರ ಕೂಡಿಸಿದಿರಿ. ಮನ್ಮಥಪ್ಪ ಸಾಹುಕಾರರು ಎಲೆಯಡಿಕೆ ಉಗುಳಿ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಬಾಯಾರ, ಭಾಲ್ಕಿ ಪ್ಯಾಟ್ಯಾಗ ಮಂದಿ ಇದಕ ಬಯಲಕಡಿ ಸಾಲಿ ಅಂತ ನಗ್ತಾರ್ರಿ. ‘ಏನ್ರಿ ಸಾಹುಕಾರ್ರ, ತಂಬಿಗಿ ಹಿಡಕೊಂಡು ಕಮಿಟಿಗಿ ಹೊಂಟೀರೇನು’ ಅಂತಾರ. ನಾ ಯಾವ ಮಾರಿ ತಗೊಂಡು ತಿರಗಬೇಕ್ರಿ?” ನನಗೂ ನಾಲಿಗೆ ತುರಿಸಿತು. “ಸಾಹುಕಾರ್ರ, ತಂಬಿಗಿ ಹಿಡದು ಹೋಗೂದೂ ಬಯಲಿಗೇ. ಶರಣ್ರು ಕಡೀಕ ಕೂಡಿದ್ದೂ ಬಯಲಾಗೇ ಅಂತ ನೀವೇ ಹೇಳ್ತೀರಿ. ನಮ್ಮ ಹುಡುಗ್ರು ಎರಡರ ನಡುವಿನ ಬಯಲಾಗ ಕುಂತಾವ. ಇರ್ಲಿ ಬಿಡ್ರಿ” ಎಂದೆ. ಎಲ್ಲರೂ ನಕ್ಕಿರಿ, ತಾವೂ ನಕ್ಕಿರಿ. ನಕ್ಕು, ಇಮಾರತು ಕಟ್ಟುವ ಠರಾವಿಗೆ ಎಲ್ಲರೂ ಸಹಿ ಹಾಕಿದಿರಿ.

ಇಮಾರತು ಎದ್ದದ್ದು ಎಲ್ಲಿ? ಮೈಲೂರದಲ್ಲಿ, ಬೀದರಿನ ಮಗ್ಗುಲಲ್ಲಿ, ಟಾಂಗಾ ಹೋಗಿ ನಿಲ್ಲುವ ಕಡೆ. ಜನವಾಡದ ಮಗು ಆಡು ಹೊಡೆದುಕೊಂಡು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಹೋದರೂ ಬಾಗಿಲಲ್ಲಿ ‘ಜಾನುವಾರುಗಳಿಗೆ ಪ್ರವೇಶವಿಲ್ಲ’ ಎಂದು ಬರೆದಿದೆ. ನನ್ನನ್ನು ಅಲ್ಲಿ ಹೆಡ್‌ಬಾಯಿ ಮಾಡಿದಿರಿ, ಕುರ್ಚಿ ಕೊಟ್ಟಿರಿ, ಕೆಲವು ದಿನ ಕುಳಿತು ನೋಡಿದೆ. ಬಂದ ಮಕ್ಕಳು ಒಳ್ಳೆಯವರೇ, ಅವರಿಗೂ ಓದು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಗಿಡದ ಪಾಠಕ್ಕೆಂದು ತಾವು ಗೋಡೆಯ ಮೇಲೆ ಒಂದು ಗಿಡದ ಚಿತ್ರ ಬರೆಸಿದ್ದೀರಲ್ಲ, ಕಿಟಕಿ ತೆಗೆದರೆ ಕಾಣುವ ಬೇವಿನ ಗಿಡ ಏನು ತಪ್ಪು ಮಾಡಿತ್ತು? ಆಡು ತಿನ್ನದ ಗಿಡ ಬೇಕಿತ್ತೇ? ಆ ಚಿತ್ರದ ಕೆಳಗೆ ಕುಳಿತು ಸಂಬಳ ಎಣಿಸುವುದು ಆಗಲಿಲ್ಲ, ಕುರ್ಚಿ ಬಿಟ್ಟು ಜನವಾಡಕ್ಕೆ ಮರಳಿದೆ.

ಮರಳಲು ಇನ್ನೊಂದು ಕಾರಣವಿತ್ತು, ಅದೇ ಈ ಪತ್ರದ ಮುಖ್ಯ ಮಾತು. ಮಕ್ಕಳ ಕಾಗುಣಿತ ಮುಗಿದಿತ್ತು. ಒತ್ತಕ್ಷರ ಶುರುವಾಗಬೇಕು ಎನ್ನುವಾಗ ತಾವು ಸಾಲಿ ಎತ್ತಿದಿರಿ. ಒತ್ತಕ್ಷರ ಬಾರದ ಕನ್ನಡದ ಮಗುವಿಗೆ ಏನೇನು ಬರೆಯಲು ಬರುತ್ತದೆ, ಯೋಚಿಸಿದ್ದೀರಾ? ಸರಕಾರ ಬರುತ್ತದೆ. ಕಾಯಿದೆ ಬರುತ್ತದೆ, ಕಮಿಟಿ ಬರುತ್ತದೆ, ಠರಾವು ಬರುತ್ತದೆ. ಅವ್ವ ಬರುವುದಿಲ್ಲ. ಅಪ್ಪ, ಅಕ್ಕ, ಅಣ್ಣ, ಅಜ್ಜ ಯಾರೂ ಬರುವುದಿಲ್ಲ. ಅನ್ನ ಬರುವುದಿಲ್ಲ, ರೊಟ್ಟಿ ಬರುವುದಿಲ್ಲ. ‘ಹೌದು’ ಎಂದು ಬರೆಯುತ್ತಾರೆ, ‘ಇಲ್ಲ’ ಎಂದು ಬರೆಯಲಾರರು. ಕಮಿಟಿಗೆ ಇಂಥ ಪ್ರಜೆಗಳೇ ಬೇಕೆಂದಿದ್ದರೆ ಸಾಲಿ ಸರಿಯಾದ ಹೊತ್ತಿಗೇ ನಿಂತಿದೆ. ಹಾವಗೆಪ್ಪ ತನ್ನ ಹೆಸರನ್ನು ‘ಹಾವಗೆಪ’ ಎಂದು ಬರೆಯುತ್ತಾನೆ. ಬಿಸ್ಮಿಲ್ಲಾ ‘ಬಿಸಮಿಲಾ’. ನನ್ನ ಹೆಸರನ್ನು ಮಣ್ಣಲ್ಲಿ ‘ಎಸತರ’ ಎಂದು ಬರೆದು, ಚಪ್ಪಾಳೆ ತಟ್ಟಿ ತೋರಿಸಿದ್ದರು. ಮುಂದಿನ ಸೋಮವಾರ ತಿದ್ದುತ್ತೇನೆ ಎಂದಿದ್ದೆ.

ತಿದ್ದಲು ಹೋದಾಗ ಪೊಲೀಸ್ ಪಾಟೀಲರು ಎದುರಾದರು. ಇಮಾರತು ಎದ್ದ ಸಂಭ್ರಮದಲ್ಲಿ ತಾವು ಇಜಾಜತ್ ಕಾಗದದಿಂದ ಗಾಯರಾನದ ಹೆಸರು ಹೊಡೆಸಿ, ಮೈಲೂರದ ಇಮಾರತನ್ನು ಬರೆಸಿದ್ದೀರಂತೆ. ಹೊಡೆಸಿರೆಂದು ಸರಕಾರ ಕೇಳಿರಲಿಲ್ಲ, ಇನ್ಸ್‌ಪೆಕ್ಟರ್ ಕೇಳಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಪಾಟೀಲರು ಪಾಪ, ನೆಲ ನೋಡುತ್ತ ಹೇಳಿದರು: “ಬಾಯಾರ, ನೀವ ಗಿಡದ ಬುಡಕ ಕುಂಡರ್ರಿ, ಯಾರ ಬ್ಯಾಡಂತಾರ? ಹುಡುಗ್ರನ್ನ ಕೂಡಿಸಬ್ಯಾಡ್ರಿ. ನನ್ನ ವತನಕ ಬರ್ತದ, ಪಾಟೀಲಕಿ ಹೋಗ್ತದ.” ಅಂದರೆ ನಿಜಾಮ ಸರಕಾರದ ರಾಜ್ಯದಲ್ಲಿ ಒಬ್ಬಳೇ ಕೂರಲು ಯಾರ ಇಜಾಜತೂ ಬೇಕಿಲ್ಲ.

ಹಾಗೆಯೇ ಕೂರುತ್ತಿದ್ದೇನೆ. ಬೆಳಿಗ್ಗೆ ಗಿಡದ ಕೆಳಗೆ ಕಸ ಗುಡಿಸುತ್ತೇನೆ, ಚೀಲ ಇಳಿಸುತ್ತೇನೆ, ಪಾಟಿ ಒರೆಸುತ್ತೇನೆ. ಮಕ್ಕಳು ಹಳ್ಳದ ಆಚೆ ದಂಡೆಯಲ್ಲಿ ಮೇಯಿಸುತ್ತಾರೆ. ಈಚೆ ಬಂದರೆ ಮನೆಯಲ್ಲಿ ಹೊಡೆತ. ರವಿವಾರ ಚರ್ಚಿನಲ್ಲಿ ನನ್ನ ಚಾಪೆಯ ಮೇಲೆ ಬೇರೆ ಯಾರೂ ಕೂರುವುದಿಲ್ಲ, ಏಕೆಂದರೆ ಹಿರಿಯರಾದ ಮತ್ತಾಯನವರು ತಮ್ಮ ಕಮಿಟಿಯವರು. ಅವರು ಕೈ ಕುಲುಕಿ “ದೇವರು ನೋಡಿಕೋತಾನ್ರಿ ಸಿಸ್ಟರ್” ಎಂದು ಮುಂದೆ ಸಾಗುತ್ತಾರೆ. ಮನೆಗೆ ಬಂದರೆ ರೊಟ್ಟಿ ಬಡಿಯುವ ಸಪ್ಪಳ ನನ್ನದೇ, ಕೇಳುವ ಕಿವಿಯೂ ನನ್ನದೇ. ನನಗೆ ಬಹಳ ಒಂಟಿತನವಾಗಿದೆ, ಮಾನ್ಯರೇ. ಅರ್ಜಿಗಳಲ್ಲಿ ಇಂಥದ್ದನ್ನು ಬರೆಯುವ ರೂಢಿ ಇಲ್ಲವೆಂದು ಬಲ್ಲೆ. ಮಾಸ್ತರರು ಹೋದಾಗಲೂ ಇಷ್ಟು ಅನಿಸಿರಲಿಲ್ಲ, ಆಗ ಸುತ್ತ ಮಕ್ಕಳ ಗಲಾಟೆ ಇತ್ತು. ‘ಒಂಟಿ’ ಎಂದು ಬರೆಯಲು ಒತ್ತು ಬೇಕಾಗುವುದಿಲ್ಲ, ನೋಡಿ. ಅದನ್ನು ಮಕ್ಕಳು ಈಗಲೂ ಬರೆದಾರು.

ಮೊನ್ನೆ ಬಿಸ್ಮಿಲ್ಲಾಬೀ ಆಚೆ ದಂಡೆಗೆ ಬಂದು ನಿಂತಳು. “ಬಾಯಾರಾ! ‘ಅಮ್ಮಾ’ ಅಂತ ಹ್ಯಾಂಗ ಬರೀಬೇಕ್ರೀ?” ಎಂದು ಕೂಗಿದಳು. ಅವಳ ತಾಯಿ ಹೈದರಾಬಾದಿನಲ್ಲಿ ಯಾರದೋ ಹವೇಲಿಯ ಕೆಲಸಕ್ಕೆ ಹೋಗಿದ್ದಾಳೆ, ಕಾಗದ ಬರೆದರೆ ಓದಿ ಹೇಳುವವರು ಅಲ್ಲಿ ಸಿಕ್ಕಾರೆಂದು ಹುಡುಗಿಯ ಆಸೆ. ಕಾಗುಣಿತವಾದರೆ ಕೂಗಿ ಹೇಳಬಹುದು. ಒತ್ತನ್ನು ಹೇಗೆ ಕೂಗುವುದು? ‘ಮ’ದ ಕೆಳಗೆ ಇನ್ನೊಂದು ‘ಮ’, ಆದರೆ ಅದರ ರೂಪ ಬೇರೆ. ಅದನ್ನು ಕೈ ಹಿಡಿದು ಬರೆಸಬೇಕು. ಆದರೂ ಎದ್ದು ನಿಂತು, ಕೈ ಎತ್ತಿ ಗಾಳಿಯಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಮಣ್ಣಲ್ಲಿ ಕೂತು ಬರೆದು, “ಹಿಂಗೇನ್ರೀ?” ಎಂದು ಗಾಳಿಯಲ್ಲಿ ಬರೆದು ತೋರಿಸಿದಳು. ಎದುರಿನಿಂದ ಕಂಡದ್ದಲ್ಲವೇ, ಒತ್ತು ಎಡಬಲ ತಿರುಗಿ ಬಿದ್ದಿತ್ತು. ನಾನು ಇಲ್ಲವೆಂದು ಕೈಯಾಡಿಸಿದೆ. ನಾನು ಬೀಳ್ಕೊಡುತ್ತಿದ್ದೇನೆ ಎಂದುಕೊಂಡು ಅವಳೂ ಕೈ ಬೀಸಿ, ಆಡುಗಳನ್ನು ಹೊಡೆದುಕೊಂಡು ಹೋದಳು. ಗಿಡದ ಕೆಳಗೆ ಕೂತು ಅತ್ತೆ, ಯಾಕೆ ಮುಚ್ಚಿಡಲಿ?

ಈಗ ನನ್ನ ಬೇಡಿಕೆ. ಇಮಾರತು ಕೆಡವಿರೆಂದು ಕೇಳುವುದಿಲ್ಲ, ಅದು ಮೈಲೂರದ ಮಕ್ಕಳಿಗಿರಲಿ. ಸಂಬಳ ಬೇಡ, ಕುರ್ಚಿ ಬೇಡ, ಹಾರವಂತೂ ಬೇಡವೇ ಬೇಡ. ಇಜಾಜತ್ ಕಾಗದದಲ್ಲಿ ತಾವೇ ಹೊಡೆಸಿದ ‘ಜನವಾಡದ ಗಾಯರಾನ’ ಎಂಬ ಮಾತನ್ನು ತಾವೇ ಮತ್ತೆ ಬರೆಸಿಕೊಡಿ. ಅಂದು ಬಿಸಿಲಲ್ಲಿ ನಿಂತ ತಮಗೆ ಅದು ದೊಡ್ಡ ಕೆಲಸವಲ್ಲ. ಕಮಿಟಿಯ ಮುಂದಿನ ಸಭೆಯನ್ನು ಹುಣಸೆ ಗಿಡದ ಕೆಳಗೆ ಕೂಡಿಸಿ, ನಾನು ಕಸ ಗುಡಿಸಿ ಇಟ್ಟಿರುತ್ತೇನೆ. ಇದು ಯಾವುದೂ ಆಗದು ಎಂದಾದರೆ, ಬಾಗಿಲ ಮೇಲಿನ ಹಲಗೆಯಿಂದ ‘ಬಯಲು’ ಎಂಬ ಮೂರಕ್ಷರವನ್ನಾದರೂ ಅಳಿಸಿಬಿಡಿ. ಆ ಮಾತು ಡೇವಿಡ ಮಾಸ್ತರರದು, ಮಕ್ಕಳದು. ಅದನ್ನು ಬರೆಯಲು ಅವರಿಗೆ ಬರುತ್ತದೆ.

ಉತ್ತರವನ್ನು ಮನೆಗೆ ಕಳಿಸಬೇಡಿ, ಹಗಲೆಲ್ಲ ನಾನು ಅಲ್ಲಿರುವುದಿಲ್ಲ. ಗಿಡದ ಹತ್ತಿರ ಕಳಿಸಿ. ಹೆಸರನ್ನು ಮಕ್ಕಳು ಬರೆಯುವಂತೆಯೇ ಬರೆದಿದ್ದೇನೆ, ತಿದ್ದುವ ಅಧಿಕಾರ ಈಗ ನನಗಿಲ್ಲ.

ಇಂತಿ,
ಒತ್ತಿಗಾಗಿ ಕಾದಿರುವ,
ಎಸತರ