ಎಡಗಡೆಯ ಕನ್ನಡಿ

ರೀ,

ಕಂಪ್ಲಿ ಬಸ್ಸಿಗೆ ಹೊಂಟೀನಿ, ಎಮ್ಮಿಗನೂರಿಗೆ, ಅವ್ವನ ಮನಿಗೆ. ನಿಮ್ಮನ್ನ ಎಬ್ಬಿಸಿದ್ರ ಜಗಳ ಆಗ್ತಿತ್ತು, ಅದಕ್ಕ ಬರೆದಿಟ್ಟೀನಿ.

ಅಮಾಸಿ ಅಂತ ಪಿಕಪ್ ತೊಳೆದೀನಿ. ಗಾಲಿ ಕೆಳಗ ನಿಂಬೆಹಣ್ಣು ಇಟ್ಟೀನಿ, ಅದರ ಮ್ಯಾಲ ಹಾಯಿಸಿಕೊಂಡು ಹೋಗ್ರಿ. ಏರ್ ಫಿಲ್ಟರ್ ತುಂಬ ಅದಿರಿನ ಕೆಂಪು ಧೂಳು ಕುಂತೈತಿ, ಬಡಿದು ಹಾಕ್ರಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬ್ಯಾಡ್ರಿ, ಹೋದ ಸಲ ಕೈ ಸುಟ್ಟುಕೊಂಡಿದ್ದು ಸಾಕು.

ಎಡಗಡಿ ಸೀಟಿನ್ಯಾಗ ಕುಂತು ಒರೆಸುವಾಗ ಹೊರಗಿನ ಕನ್ನಡಿಯೊಳಗ ನನ್ನ ಮುಖಾನ ಕಾಣ್ತು. ಹಿಂದ ಬರೋ ಲಾರಿ ನೋಡಾಕ ಇರೋ ಕನ್ನಡಿ ಅದು! ಮೊನ್ನೆ ಸಂಡೂರು ರೋಡಿನ್ಯಾಗ ಅದಿರು ಲಾರಿ ಎಡಗಡಿಯಿಂದ ಬಂದು ಉಜ್ಜಿದಾಗ "ಕಾಣಲಿಲ್ಲ ಬಿಡು" ಅಂದ್ರಿ. ಹೆಂಗ ಕಾಣಬೇಕು? ಗಣಿ ಕ್ಯಾಂಟೀನಿನ ಪಂಪಾವತಿ ಈ ಸೀಟಿನ್ಯಾಗ ಕುಂತು ತನ್ನ ಮುಡಿಯ ಹೂವು ನೋಡ್ಕೊಳ್ಳಾಕ ಕನ್ನಡಿ ಒಳಗ ತಿರುಗೈತಲ್ಲ. ಯಶವಂತನಗರಕ್ಕ ಹೋಗೋ ಕಂಪನಿ ಬಸ್ಸು ಆಕಿಗೊಬ್ಬಾಕಿಗೇ ದಿನಾ ಹೆಂಗ ತಪ್ಪತೈತಿ? ತಿರುಗಿಸಿದ್ದು ಆಕಿನೋ ನೀವೋ, ನಾ ಕೇಳಾಂಗಿಲ್ಲ.

ಆ ಲಾರಿ ಇನ್ನೊಂದು ಗೇಣು ಒಳಗ ಬಂದಿದ್ರ... ಬ್ಯಾಡ, ಬರೆಯಾಕ ಕೈ ಬರವಲ್ದು.

ನಾ ಬಂದ್ರ ಮಾತ್ರ ಹಿಂದ, ಭತ್ತದ ಚೀಲದ ಮ್ಯಾಲ. ಹಿಂದ ಮಂದಿ ಕುಂದ್ರಿಸಬಾರದು ಅಂತ ಊರಿಗೆಲ್ಲ ಹೇಳೋರು ನೀವ ಅಲ್ಲೇನು?

ಕನ್ನಡಿ ಹೊರಗ ತಿರುಗಿಸಿ ತಂತಿ ಬಿಗಿದೀನಿ. ಯಾರು ಕೇಳಿದ್ರೂ ಬಿಚ್ಚಬ್ಯಾಡ್ರಿ.

ಸಾರು ಒಲಿ ಮ್ಯಾಲ ಐತಿ, ಬಿಸಿ ಮಾಡ್ಕೊಂಡು ಉಣ್ರಿ.

ಭಾನುವಾರ ನನ್ನ ಕರಕೊಂಡು ಹೋಗಾಕ ಬರ್ರಿ. ಮುಂದಿನ ಸೀಟಿನ್ಯಾಗ ನಾನ ಕುಂದ್ರತೀನಿ. ಮುಖ ನೋಡ್ಕೊಳ್ಳಾಕ ನನ್ನ ಕನ್ನಡಿ ನಾನ ತರ್ತೀನಿ. ನೀವು ಲಾರಿ ನೋಡ್ರಿ.

ಗಾಳೆಮ್ಮ