ಅಪ್ಪನ ಟೇಪಿನ ಮೂವತ್ತೆಂಟು

ಅಪ್ಪಾ,

ನೀನು ಬಿಟ್ಟುಹೋದ ಅಳತೆ ಟೇಪು ಇವತ್ತು ನನ್ನ ಮಾನ ಕಳೆಯಿತು.

ಜ್ವರ, ಕೆಮ್ಮು ಅಂತ ಹೊಲಿಗೆ ಅಂಗಡಿ ಮುಚ್ಚಿ ಕ್ಲಿನಿಕ್ಕಿಗೆ ಹೋಗಿದ್ದೆ. ಸಕ್ಕರೆ ಕಾಯಿಲೆ ಇದೆ ಅಂದಿದ್ದಕ್ಕೆ ನರ್ಸಮ್ಮ ನನ್ನ ಸೊಂಟವನ್ನೂ ಅಳೆದು "ನಲವತ್ತೊಂದು" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. "ದರ್ಜಿಗೇ ಅಳತೆ ಹೇಳಿಕೊಡ್ತೀರಾ? ಯಾವತ್ತಿದ್ರೂ ನಂದು ಮೂವತ್ತೆಂಟೇ!" ಅಂತ ಕೊರಳಲ್ಲಿದ್ದ ನಿನ್ನ ಟೇಪು ತೆಗೆದುಕೊಟ್ಟೆ. ಅವರು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟರು. ನಿನ್ನದು ಎಳೆದೆಳೆದು ಮೂರಿಂಚು ಹಿಗ್ಗಿತ್ತು. ಅದರಲ್ಲೇ ಅಳೆದು ಅದರಲ್ಲೇ ಗುರುತು ಹಾಕಿ ಕತ್ತರಿಸ್ತಿದ್ವಲ್ಲ, ಬಟ್ಟೆ ಸರಿಯಾಗೇ ಕೂರ್ತಿತ್ತು. ನಮಗೆ ಗೊತ್ತಾಗೋದಾದ್ರೂ ಹೇಗೆ?

ಡಾಕ್ಟರು ಮಾತ್ರ ನಗಲಿಲ್ಲ. "ಹೊಟ್ಟೆಯ ಬೊಜ್ಜು ಕೆಳಗಿಂದ ಒತ್ತಿದ್ರೆ ಶ್ವಾಸಕೋಶ ಪೂರ್ತಿ ಅರಳಲ್ಲ. ನಿಮಗೆ ಸಕ್ಕರೆ ಕಾಯಿಲೆ ಬೇರೆ, ವೈರಸ್ ಜೊತೆ ಹೊಡೆದಾಡೋ ಶಕ್ತಿ ಕುಗ್ಗಿರುತ್ತೆ. ಬೇರೆಯವರನ್ನ ನಾಲ್ಕು ದಿನ ಕಾಡಿ ಹೋಗೋ ಫ್ಲೂ ನಿಮ್ಮಂಥೋರನ್ನ ಆಸ್ಪತ್ರೆಗೆ ಸೇರಿಸಿಬಿಡಬಹುದು" ಅಂದರು. ಮೈಯಲ್ಲಿ ಕೊಬ್ಬಿದ್ದೋನ ಹತ್ತಿರ ನೆಗಡಿ ಸುಳಿಯಲ್ಲ ಅನ್ನೋ ನಿನ್ನ ಸಿದ್ಧಾಂತವನ್ನ ನಾನು ಬಾಯಿಬಿಡಲಿಲ್ಲ. ಅಂಥದೇ ಫ್ಲೂನಲ್ಲಿ ನೀನು ಹೋದದ್ದನ್ನೂ ಹೇಳಲಿಲ್ಲ.

ಬರೋವಾಗ ಹೊಸ ಟೇಪು ತಂದೆ. ಇನ್ನು ಗಿರಾಕಿಗಳೆಲ್ಲ ರಾತ್ರೋರಾತ್ರಿ ದಪ್ಪ ಆಗ್ತಾರೆ, ಬೈಸಿಕೊಳ್ಳೋನು ನಾನು.

ನಿನ್ನ ನಿಜವಾದ ಅಳತೆಯೂ ಗೊತ್ತಾಗಲಿ ಅಂತ ಬೀರುವಿನಿಂದ ನಿನ್ನ ಕೊನೆಯ ಅಂಗಿ ತೆಗೆದೆ. ಟೇಪು ಹಿಡಿಯೋಕೆ ಮನಸ್ಸು ಬರಲಿಲ್ಲ. ಸುಮ್ಮನೆ ತೊಟ್ಟು ನೋಡಿದೆ.

ಅಪ್ಪಾ, ನನ್ನದೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.