ಜರೀಗಿಡದ ವಿಜಯವಾರ್ತೆ

ಗಾಜಿನ ಪೆಟ್ಟಿಗೆಯ ಸಾಮ್ರಾಜ್ಞಿ, ಜರೀಗಿಡದ ಜನನಿ, ಸ್ವಂತ ತಮ್ಮನನ್ನು ಎಳ್ಳಷ್ಟೂ ನಂಬದ ಅಕ್ಕ ಮಹಾರಾಣಿಯವರ ಪಾದಾರವಿಂದಗಳಿಗೆ,

ಸಾಷ್ಟಾಂಗ ನಮಸ್ಕಾರ. ತರಬೇತಿಗೆ ಹೊರಡುವಾಗ ತಾವು, "ನೀನು ನೋಡ್ಕೊಂಡ್ರೆ ನನ್ನ ಗಿಡ ವಾರದಲ್ಲಿ ಸತ್ತೋಗುತ್ತೆ ಕಣೋ. ಬದುಕಿದ್ರೆ ಕಿಟಕಿ ಪಕ್ಕದ ಮೇಜು ನಿಂದೇ" ಎಂದು ಅಪ್ಪಣೆ ಕೊಡಿಸಿದ್ದಿರಿ. ಇಂದಿಗೆ ನಲವತ್ತು ದಿನ. ಗಿಡ ಏಳು ಹೊಸ ಎಲೆ ಬಿಟ್ಟು ಪೆಟ್ಟಿಗೆಯ ಮುಚ್ಚಳಕ್ಕೆ ತಲೆ ತಾಗಿಸಿ ನಿಂತಿದೆ!

ಪ್ಲಗ್ ಅಲ್ಲೇ ಇದೆಯೆಂದು ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಗೆ ತಂದು, ಗಿಡ ನೋಡಿಕೊಳ್ಳಲು ನಾನೇ ಮಾಡಿದ ಯಂತ್ರ ಜೋಡಿಸಿದೆ. ದೀಪ ಬೆಳಿಗ್ಗೆ ತಾನೇ ಹತ್ತಿ ಸಂಜೆ ತಾನೇ ಆರುತ್ತದೆ. ಬಿಸಿಯೇರಿದರೆ ಪುಟ್ಟ ಫ್ಯಾನ್ ತಿರುಗುತ್ತದೆ. ಗಾಳಿ ಒಣಗಿದೆಯೆಂದು ಸೆನ್ಸರ್ ಹೇಳಿದರೆ ಒಳಗೆ ಮಂಜಿನಂತೆ ನೀರು ಚಿಮ್ಮುತ್ತದೆ. ಅಮ್ಮನೇ "ಪರವಾಗಿಲ್ವೇ, ಇವನಿಗೂ ತಲೆ ಇದೆ" ಅಂದಳು.

ಆದಕಾರಣ ತಾವು ಭಾನುವಾರ ಮನೆಗೆ ಬಂದ ಕೂಡಲೇ ಮೇಜಿನ ಮೂರೂ ಡ್ರಾಯರ್‌ಗಳನ್ನು ಖಾಲಿ ಮಾಡಿಕೊಡಬೇಕಾಗಿ ವಿನಂತಿ.

ಇತಿ,
ದಿಗ್ವಿಜಯಿ ತಮ್ಮ

ಮರೆತಿದ್ದೆ ಅಕ್ಕಾ, ಒಂದು ಸಣ್ಣ ವಿಷಯ. ಸೆನ್ಸರನ್ನು ಪೆಟ್ಟಿಗೆಯೊಳಗೆ ಇಟ್ಟೇ ಇರಲಿಲ್ಲ ಅಂತ ಇವತ್ತು ಗೊತ್ತಾಯ್ತು. ನಲವತ್ತು ದಿನವೂ ಅದು ಹೊರಗೆ ನೇತಾಡಿಕೊಂಡು ಅಮ್ಮನ ಕುಕ್ಕರಿನ ಹಬೆಯನ್ನೇ ಅಳೆಯುತ್ತಿತ್ತು. ಅಮ್ಮ ಒಲೆ ಹಚ್ಚಿದರೆ ನೀರು ಬಂದ್, ಆರಿಸಿದರೆ ಶುರು. ಒಂದು ಡ್ರಾಯರ್ ಅಮ್ಮನಿಗೇ ಬಿಟ್ಟುಕೊಡ್ತೀನಿ. ಯಾಕೆ ಅಂತ ಮಾತ್ರ ಅವಳಿಗೆ ಹೇಳಬೇಡ.